ನೂರನೇ ದಿನದ ತಾಟು

ಮದುವೆ ಮನೆಯಲ್ಲಿ ತಾಟು ಹಿಡಿಯುವ ವಿಷಯದಲ್ಲಿ ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಎಲೆ, ಅಡಿಕೆ, ಸುಣ್ಣ, ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಎಲ್ಲವನ್ನೂ ತಾಟಿನಲ್ಲಿ ಜೋಡಿಸಿ, ಹಿರಿಯರ ಮುಂದೆ ಬಾಗಿ, "ತಗೋರಿ ಯಜಮಾನ್ರ" ಎನ್ನುವುದು, ಅವರು ಸಿಗರೇಟು ಬಾಯಿಗಿಟ್ಟ ಕೂಡಲೇ ಕಡ್ಡಿ ಗೀರಿ ಹಚ್ಚುವುದು ಮೂವತ್ತು ವರ್ಷಗಳಿಂದ ನನ್ನ ಹುದ್ದೆ. ಸಂಬಳವಿಲ್ಲ, ಗೌರವವಿದೆ. ಹೊಟ್ಟೆಪಾಡಿಗೆ ಪಂಪ್‌ಸೆಟ್ ಮೋಟರು ರಿಪೇರಿ ಮಾಡುತ್ತೇನೆ.

ನಾನೂ ಸೇದುತ್ತಿದ್ದೆ, ಎದೆತುಂಬ ಸೇದುತ್ತಿದ್ದೆ. ಮೆಟ್ಟಿಲು ಹತ್ತುವಾಗ ಎದೆ ಸೀಟಿ ಊದತೊಡಗಿತು. "ನಿಮ್ಮ ಫೋಟೋಕ್ಕ ಮಾಲಿ ಹಾಕಾಕ ನನ್ನ ಕೈಲೆ ಆಗೂದಿಲ್ರಿ" ಎಂದು ಹೆಂಡತಿ ಶಾಂತವ್ವ ಅತ್ತುಬಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಡಾಕ್ಟರ ಬಾಗಿಲಲ್ಲಿ ನನ್ನ ಹಾಗೆಯೇ ಕೆಮ್ಮುತ್ತ ಕುಳಿತಿದ್ದ ಮೂವರು ಸಿಕ್ಕರು. ಇಂಡಿ ಊರಿನ ಮಲ್ಲಪ್ಪ ಮಾಸ್ತರರು, ಸಿಂದಗಿಯ ಡ್ರೈವರ್ ಶರಣಪ್ಪ, ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬಸಣ್ಣ. ಸೇದುವುದನ್ನು ಬಿಡಲು ಅಂದೇ ವಾಟ್ಸಾಪ್‌ನಲ್ಲಿ ನಾಲ್ವರ ಗುಂಪಾಯಿತು. ಸೇದಬೇಕೆನಿಸಿದವನು ಇನ್ನೊಬ್ಬನಿಗೆ ಫೋನ್ ಮಾಡಬೇಕು, ಆಸೆ ಇಳಿಯುವವರೆಗೆ ಅವನು ಮಾತಾಡಿಸಬೇಕು. ಬಸಣ್ಣನ ಅಂಗಡಿಯ ಸೀರೆಗಳ ಬಣ್ಣ, ಅಂಚು, ಸೆರಗು ಎಲ್ಲವೂ ನನಗೆ ಬಾಯಿಪಾಠವಾದದ್ದು ಹೀಗೆ! ಮಾಸ್ತರರದು ಇನ್ನೊಂದು ಕಟ್ಟಪ್ಪಣೆ: "ಒಬ್ಬಾಂವ ಹಚ್ಚಿದ್ರ ನಾಲ್ಕೂ ಮಂದಿದು ಸೊನ್ನಿ. ಮತ್ತ ಒಂದನೇ ದಿನದಿಂದ ಶುರು."

ಹಾಗೂ ಹೀಗೂ ನೂರನೇ ದಿನ ಬಂತು. ಊಟ ನಮ್ಮ ಮನೆಯಲ್ಲೇ ಎಂದು ಸಾರಿದೆ. ಆತಿಥ್ಯದಲ್ಲಿ ಕೊರತೆಯಾದರೆ ನನ್ನ ಹುದ್ದೆಗೇ ಅವಮಾನ! ತಾಟಿನ ಸಾಮಾನು ತರಲು ಹೊರಟೆ. ಆದರೆ ನೂರು ದಿನ ಪಾನ್ ಅಂಗಡಿಯ ಹತ್ತಿರ ಸುಳಿಯದವನು ಅಂದು ಸುಳಿದೇನೆಯೇ? ರಸ್ತೆಯ ಈಚೆ ದಂಡೆಯಲ್ಲಿ ಮೂಗು ಹಿಡಿದುಕೊಂಡು ನಿಂತೆ.

"ಗುರಪ್ಪಾ, ತಾಟಿನ ಸಾಮಾನು ಕಟ್ಟೋ! ಮನಿಗೆ ಮಂದಿ ಬರ್ತಾರ!"

"ಯಾವಾಗಿನಂಗ ಏನ್ರಿ?" ಎಂದ ಅಂಗಡಿಯ ಗುರಪ್ಪ.

"ಹೂಂ, ಯಾವಾಗಿನಂಗ!"

ಚೀಲವನ್ನು ಅವನೇ ರಸ್ತೆ ದಾಟಿ ತಂದುಕೊಟ್ಟ. ನನ್ನ ಸಂಯಮಕ್ಕೆ ನಾನೇ ಶಹಬ್ಬಾಸ್ ಅಂದುಕೊಂಡು ಮನೆಗೆ ಬಂದೆ. ಶಾಂತವ್ವ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು "ಬಸ್ ಸ್ಟ್ಯಾಂಡಿನಿಂದ ಎಡಕ್ಕ ಹೊಳ್ಳರಿ" ಎಂದು ಶರಣಪ್ಪನಿಗೆ ದಾರಿ ಹೇಳುತ್ತ ತಾಟು ಜೋಡಿಸಿದೆ. ಬಾಯಿ ದಾರಿ ಹೇಳಿತು. ಕೈ ಮೂವತ್ತು ವರ್ಷದ ಕೆಲಸ ಮಾಡಿತು. ತಲೆ ಎರಡೂ ಕಡೆ ಇರಲಿಲ್ಲ.

ಊಟವಾಯಿತು. ಬಸಣ್ಣ ತಂದಿದ್ದ ರುಮಾಲುಗಳನ್ನು ಒಬ್ಬರಿಗೊಬ್ಬರು ತಲೆಗೆ ಸುತ್ತಿ, ಶಾಲು ಹೊದಿಸಿಕೊಂಡೆವು. ಮಾಸ್ತರರು ಎದ್ದು ನಿಂತು "ಚಟಮುಕ್ತ ಜೀವನ" ಎಂದು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ನಾನು ತಾಟು ಹಿಡಿದು ಶರಣಪ್ಪನ ಮುಂದೆ ಬಾಗಿದೆ.

"ತಗೋರಿ ಯಜಮಾನ್ರ!"

ನಾಲ್ಕು ಹೋಳಿಗೆ ಉಂಡ ಶರಣಪ್ಪನ ಕಣ್ಣು ಅರ್ಧ ಮುಚ್ಚಿತ್ತು. ಕೈ ತಾನಾಗಿ ಹೋಗಿ ಸಿಗರೇಟು ಎತ್ತಿ ತುಟಿಗಿಟ್ಟಿತು. ಎದುರಿನವರು ತುಟಿಗಿಟ್ಟ ಮೇಲೆ ತಾಟಿನವನು ಸುಮ್ಮನಿರುವುದುಂಟೇ? ಭರ್ರನೆ ಕಡ್ಡಿ ಗೀರಿದೆ! ಫ್ಯಾನಿನ ಗಾಳಿಗೆ ಆರದಿರಲೆಂದು ಅಂಗೈ ಬೇರೆ ಅಡ್ಡ ಹಿಡಿದೆ!

ಬಸಣ್ಣನ ರುಮಾಲು ಕಣ್ಣಿನ ಮೇಲೆ ಜಾರಿತು. ಮಾಸ್ತರರ ಭಾಷಣ ಗಂಟಲಲ್ಲೇ ನಿಂತು, "ಸೊ... ಸೊ... ಸೊನ್ನಿ!" ಎಂಬುದಷ್ಟೇ ಹೊರಬಂತು.

"ಉಫ್!"

ಕಡ್ಡಿ ಊದಿ ಆರಿಸಿದವಳು ಶಾಂತವ್ವ. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಶರಣಪ್ಪನ ತುಟಿಯಿಂದ ಕಿತ್ತ ಸಿಗರೇಟು.

"ನಿಮಗ ಬುದ್ಧಿ ಐತೇನ್ರಿ? ನೂರು ದಿನ ಆತು, ನಿಮ್ಮ ಕೆಮ್ಮು ಕೇಳದಂಗ ನಿದ್ದಿ ಮಾಡೇನಿ. ಎಲ್ಲಾ ಸೊನ್ನಿ ಮಾಡಾಕ ಹೊಂಟೀರೇನು?"

ಆಗಲೇ ನಾನು ತಾಟು ನೋಡಿದ್ದು. ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ.

ಮಾಸ್ತರರು ಕನ್ನಡಕ ಏರಿಸಿ, ಅವಳ ಕೈಯ ಸಿಗರೇಟು ಇಸಿದುಕೊಂಡು ಉತ್ತರಪತ್ರಿಕೆಯ ಹಾಗೆ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಯಾರೂ ಉಸಿರಾಡಲಿಲ್ಲ.

"ತುದಿ ಬೆಳ್ಳಗ ಐತಿ. ಹತ್ತಿಲ್ಲ. ನೂರು ನೂರೇ!"

ನಾಲ್ಕು ಎದೆಗಳೂ ಒಮ್ಮೆಲೇ ಉಸಿರು ಬಿಟ್ಟವು. ಒಂದರಲ್ಲೂ ಸೀಟಿ ಇರಲಿಲ್ಲ! ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ. ಶರಣಪ್ಪ ಕಣ್ಣೊರೆಸಿಕೊಂಡು ನಕ್ಕ. "ರಿಪೇರಿ ಸಾಹುಕಾರ್ರ, ಸೇದಬೇಕಂತ ನಾ ಎಷ್ಟೋ ಸಲ ಒದ್ದಾಡೇನಿ, ಕೆಟ್ಟಿರಲಿಲ್ಲ. ನಿಮ್ಮ ಮರ್ಯಾದಿಗೆ ಕೆಡ್ತಿದ್ದೆ ನೋಡ್ರಿ!"

ಗುಂಪಿನ ತೀರ್ಮಾನದಂತೆ ನನ್ನ ಹೆಗಲ ಮೇಲಿನ ಶಾಲು ಶಾಂತವ್ವನ ಹೆಗಲಿಗೆ ಹೋಯಿತು. ಸುದ್ದಿ ಓಣಿಗೆ ಮುಟ್ಟಿ ನನ್ನ ಹುದ್ದೆಯೂ ಹೋಯಿತು. ಈಗ ಮದುವೆಗಳಲ್ಲಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಪನ್ನೀರುದಾನಿ ಕೊಡುತ್ತಾರೆ. ಬಂದವರಿಗೆಲ್ಲ ಚಿಮುಕಿಸುತ್ತೇನೆ. ಕೈಗೆ ಎಷ್ಟೇ ರೂಢಿಯಿದ್ದರೂ ಪನ್ನೀರಿಗೆ ಕಡ್ಡಿ ಗೀರಲು ಬರುವುದಿಲ್ಲವಲ್ಲ!