ಯಾರ ಮಾತನ್ನೂ ಪೂರ್ತಿ ಕೇಳದ ವೈನಿ

ನಮ್ಮ ವೈನಿ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ. ಈ ದೂರನ್ನು ಅವರ ಮುಂದೆಯೇ ಹೇಳಿದೆ. ಅದನ್ನೂ ಪೂರ್ತಿ ಕೇಳಲಿಲ್ಲ!

ವೈನಿ ಅಂದರೆ ನಮ್ಮಣ್ಣನ ಹೆಂಡತಿ. ಬನಹಟ್ಟಿಯ ನಮ್ಮ ಮನೆಯಲ್ಲಿ ಅವರು ರೊಟ್ಟಿ ಬಡಿಯುವುದನ್ನು ನೀವು ನೋಡಬೇಕು. ಬಾಗಿಲಲ್ಲಿ ಹಾಲಿನವನು, ಕಿಟಕಿಯಲ್ಲಿ ನೆರೆಮನೆಯಾಕೆ, ಕಿವಿಗೂ ಭುಜಕ್ಕೂ ನಡುವೆ ಫೋನು, ಪಕ್ಕದಲ್ಲಿ ಹಸಿದ ನಾನು.

"ಅರ್ಧಾ ಲೀಟರ್ ಸಾಕೋ... ಹೂಂ ಅಕ್ಕಾ, ಆಮ್ಯಾಲ?... ತಮ್ಮಾ, ತಾಟ ತಗೊ... ಹಲೋ, ಹೇಳ್ರಿ!"

ಎಲ್ಲರ ಕೆಲಸವೂ ಆಗುತ್ತದೆ, ರೊಟ್ಟಿಯೂ ಸೀಯುವುದಿಲ್ಲ!

ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಈ ವೈನಿ ಒಮ್ಮೆ ಮಹಾಲಿಂಗಪುರದ ಬೆಲ್ಲದ ಅಂಗಡಿಗಳಿಗೆ ದಿನದ ಧಾರಣೆ ತಿಳಿಸುವ ಪ್ರೋಗ್ರಾಂ ಬರೆದರು. ಅಂಗಡಿಗೊಂದು ಸಾಕೆಟ್, ಅಂದರೆ ಮಾತಿನ ಕಿಂಡಿ. ಎಲ್ಲ ಕಿಂಡಿಗಳಿಗೂ ಸೇರಿ ಒಂದೇ ಥ್ರೆಡ್, ಅಂದರೆ ಒಬ್ಬನೇ ಆಳು. ಆದರೆ ನೋಡಿ, ಮನೆಯಲ್ಲಿ ಯಾರ ಮಾತನ್ನೂ ಕೇಳದವರು ಆ ಆಳಿಗೆ ಮಾತ್ರ ಸಂಭಾವಿತ ನಡತೆ ಕಲಿಸಿಬಿಟ್ಟರು: ಬಂದವರ ಮಾತು ಮುಗಿಯುವವರೆಗೆ ಎದ್ದು ಹೋಗಬಾರದು! ಮೊದಲ ದಿನವೇ ಒಬ್ಬ ಸಾಹುಕಾರರು ಕಿಂಡಿ ತೆರೆದಿಟ್ಟು, ಮಾತು ಮುಗಿಸದೆ ಚಹಾಕ್ಕೆ ಹೋದರು. ಆಳು ಅವರ ದಾರಿ ಕಾಯುತ್ತ ಕುಳಿತ. ಉಳಿದ ಅಂಗಡಿಗಳಿಗೆ ಧಾರಣೆಯೇ ಹೋಗಲಿಲ್ಲ!

"ಅಕ್ಕಾರ, ನಿಮ್ಮ ಮಶಿನ್ ಮಲಗೇತ್ರಿ. ಇನ್ನೊಮ್ಮೆ ಹಿಂಗಾದ್ರ ನಾವು ಬ್ಯಾರೆಯವರನ್ನ ನೋಡ್ತೇವ್ರಿ" ಎಂದರು ಪೇಟೆಯ ಹಿರಿಯರು.

"ಅಂಗಡಿಗೊಬ್ಬ ಆಳು ಇಟ್ಟಬಿಡ್ರಿ ವೈನಿ" ಎಂದೆ ನಾನು, ದೊಡ್ಡ ಜಾಣನ ಹಾಗೆ.

"ಅಷ್ಟು ಮಂದಿಗೆ ಈ ಹಳೇ ಕಂಪ್ಯೂಟರ್ ಎಲ್ಲಿಂದ ಕೂಳು ಹಾಕಬೇಕೋ? ನಾ ಒಬ್ಬಾಕಿ ಮನಿ ನಡಸಾಕತ್ತಿಲ್ಲೇನು?"

ಹೇಳಿದ್ದೇ ತಡ, ತಮ್ಮ ಮಾತಿಗೆ ತಾವೇ ಬೆರಗಾಗಿ ನಿಂತರು. ಪ್ರೋಗ್ರಾಂ ಬದಲಾಯಿತು. ಎಲ್ಲ ಕಿಂಡಿಗಳ ಕಡೆ ಒಮ್ಮೆ ಕಿವಿ ಕೊಡು, ಮಾತಾಡಿದವರ ಹತ್ತಿರ ಮಾತ್ರ ಹೋಗು, ಹೇಳಿದಷ್ಟು ಕೇಳು, ಉಳಿದದ್ದು ಆಮೇಲೆ! ಅಡುಗೆಮನೆಯೇ ಕಂಪ್ಯೂಟರಿನೊಳಗೆ ಹೋಗಿ ಕುಳಿತಿತ್ತು.

ಒಂದು ತೊಡಕು ಉಳಿಯಿತು. ಮಾತಾಡದ ಅಂಗಡಿಯವರು ಸುಮ್ಮನೆ ಕುಳಿತಿದ್ದಾರೋ, ಕರೆಂಟು ಹೋಗಿ ಸಂಪರ್ಕವೇ ಕಡಿದಿದೆಯೋ? ತಿಳಿಯುವುದು ಹೇಗೆ? ಯೋಚಿಸುತ್ತ ವೈನಿ ಪಡಸಾಲೆಯ ಕಡೆ ನೋಡಿದರು. ಅಲ್ಲಿ ನಮ್ಮ ಅಪ್ಪ. ಲಕ್ವಾ ಹೊಡೆದು ಅವರ ಮಾತು ನಿಂತಿತ್ತು.

"ಕರದವರ ಕಡೆ ಅಷ್ಟ ಓಡ್ತೇನಿ. ಕರಿಯಾಕ ಬರದ ಮಾವಾರ ಗತಿ ಏನೋ ತಮ್ಮಾ?" ಎಂದರು. ಕಣ್ಣು ತುಂಬಿದ್ದವು.

ಅಂದಿನಿಂದ ಪ್ರೋಗ್ರಾಂ ಸುಮ್ಮನಿದ್ದವರನ್ನು ಆಗಾಗ ತಾನೇ ಮಾತಾಡಿಸತೊಡಗಿತು. ಮನೆಯಲ್ಲಿ ವೈನಿಯೂ ರೊಟ್ಟಿಯ ನಡುವೆ ಕೂಗುತ್ತಿದ್ದರು, "ಮಾವಾರ, ಅದೀರಿಲ್ರಿ?" ಇದ್ದೇನೆ ಎಂಬಂತೆ ಅಪ್ಪ ಊರುಗೋಲಿನಿಂದ ನೆಲಕ್ಕೊಮ್ಮೆ ಟಕ್ ಅನಿಸುತ್ತಿದ್ದರು.

ಮಶಿನ್ ಮತ್ತೆ ಮಲಗಲಿಲ್ಲ. ಪೇಟೆಯವರೇ ಸಭೆ ಮಾಡಿ ವೈನಿಗೆ ಶಾಲು ಹೊದಿಸಿದರು. ಮೊದಲ ಸಾಲಿನಲ್ಲಿ ಅಪ್ಪನ ಪಕ್ಕ ನಾನು ಎದೆಯುಬ್ಬಿಸಿ ಕುಳಿತಿದ್ದೆ. ನಮ್ಮ ವೈನಿ ರೀ, ನಮ್ಮವರು! ಅಧ್ಯಕ್ಷರ ಭಾಷಣವನ್ನಾದರೂ ಪೂರ್ತಿ ಕೇಳಿದರೇ? ಛೆ! ತಮ್ಮ ಭಾಷಣವನ್ನೇ ಮುಗಿಸಲಿಲ್ಲ. ನಡುವೆ ನಿಲ್ಲಿಸಿ, ಮೈಕಿನಲ್ಲೇ ಕೇಳಿದರು:

"ಮಾವಾರ, ಅದೀರಿಲ್ರಿ?"

ಅಪ್ಪ ಊರುಗೋಲು ಬಡಿದರು. ಒಮ್ಮೆ ಬಡಿದು ನಿಲ್ಲಿಸಲಿಲ್ಲ, ಬಡಿಯುತ್ತಲೇ ಇದ್ದರು. ಅದನ್ನು ಮಾತ್ರ ವೈನಿ ಪೂರ್ತಿ ಕೇಳಿದರು.