ಚಕ್ರವರ್ತಿಯನ್ನು ಹುಡುಕಿ ಹೊರಟ ಭಾವ

ಫ್ರಾನ್ಸಿನ ಚಕ್ರವರ್ತಿಗಳ ಕಾಲದ ಚಿನ್ನದ ನಾಣ್ಯ ಸಂಗ್ರಹಿಸುವುದರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ನಮ್ಮ ಭಾವನೇ ಮೊದಲಿಗರು. ಅವರ ಹತ್ತಿರ ಒಂದೂ ನಾಣ್ಯ ಇಲ್ಲ, ಅಷ್ಟೆ!

ಆಲ್ಬಮ್ ಇದೆ. ಪ್ರತಿ ಖಾನೆಯ ಕೆಳಗೂ ಮುತ್ತಿನಂಥ ಅಕ್ಷರದಲ್ಲಿ 'ಇಪ್ಪತ್ತು ಫ್ರಾಂಕ್, ಎಲೆಯ ಕಿರೀಟದ ದೊರೆ', 'ನಲವತ್ತು ಫ್ರಾಂಕ್, ಬರಿತಲೆಯ ದೊರೆ' ಎಂದೆಲ್ಲ ಬರೆದಿದ್ದಾರೆ. ಖಾನೆಗಳು ಖಾಲಿ. ನೆಂಟರು ಬಂದರೆ ಕಾಫಿಗಿಂತ ಮೊದಲು ಅದೇ ಬರುತ್ತದೆ. ಇಲ್ಲದ ನಾಣ್ಯವನ್ನು ಒಂದು ಗಂಟೆ ಹೊಗಳುವ ಕಷ್ಟ ನಿಮಗೆ ಗೊತ್ತೇ?

ಕೊಪ್ಪದಲ್ಲಿ ಭಾವನದು ಗಡಿಯಾರ ರಿಪೇರಿ ಅಂಗಡಿ. ಹಿಂದೊಮ್ಮೆ ಕಾಫಿ ವ್ಯಾಪಾರಿಯೊಬ್ಬರು ಅಂಥದ್ದೊಂದು ನಾಣ್ಯ ತಂದು, "ಏನು ಬರೆದಿದೆ, ನಿಮ್ಮ ಗಾಜಲ್ಲಿ ನೋಡಿ" ಎಂದರಂತೆ. ಐದು ನಿಮಿಷ ಅದು ಭಾವನ ಅಂಗೈಯಲ್ಲಿತ್ತು. ಆ ಐದು ನಿಮಿಷವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ!

ನಮ್ಮ ಕಡೆಯ ಕಾಫಿ, ಮೆಣಸು ಕಡಲು ದಾಟಿದ ಮೇಲೆ ಅತ್ತಲಿನ ಚಿನ್ನ ಇತ್ತ ಬಂದಿರಲೇಬೇಕು, ಬಂದದ್ದು ಯಾವುದೋ ಹೆಂಗಸಿನ ಸರದಲ್ಲಿ ಕೂತಿರಲೇಬೇಕು ಎಂಬುದು ಭಾವನ ವಾದ. ಹಾಗಾಗಿ ಶೃಂಗೇರಿಯ ಒಂದು ಮದುವೆಯಲ್ಲಿ ಕಣ್ಣಿಗೆ ಅಂಗಡಿಯ ಮಸೂರ ಸಿಕ್ಕಿಸಿಕೊಂಡು ಮದುಮಗನ ಅಜ್ಜಿಯ ಕಾಸಿನ ಸರದ ಮೇಲೆ ಬಗ್ಗಿಬಿಟ್ಟರು.

"ಎಂತ ಮಾರಾಯ್ರೆ, ಹೆಂಗಸರ ಕುತ್ತಿಗೆ ನೋಡ್ತೀರಲ್ಲ!" ಎಂದು ಅಜ್ಜಿಯ ಮಗ ಗುಡುಗಿದರು.

"ಕುತ್ತಿಗೆ ಯಾರಿಗೆ ಬೇಕು? ನಾನು ಚಕ್ರವರ್ತಿಯನ್ನ ಹುಡುಕ್ತಿದ್ದೇನೆ!"

ಪಾಯಸ ಬಡಿಸುವ ಮೊದಲೇ ನಾವು ಬಸ್‌ಸ್ಟ್ಯಾಂಡಿನಲ್ಲಿದ್ದೆವು.

ಆಮೇಲೆ ಕಡಹಿನಬೈಲಿನಿಂದ ಫೋನ್ ಬಂತು: ಮೀಸೆಯ ದೊರೆ ಇರುವ ಹಳದಿ ನಾಣ್ಯವಂತೆ! ಎರಡು ಬಸ್ಸು ಬದಲಾಯಿಸಿ ಹೋಗಿ ನೋಡಿದರೆ ಅದು ಯಾವುದೋ ಬೀಡಿ ಕಂಪನಿ ಹಂಚಿದ್ದ ಹಿತ್ತಾಳೆ ಬಿಲ್ಲೆ.

"ಫ್ರಾನ್ಸಲ್ಲೂ ಬೀಡಿ ಸೇದ್ತಿದ್ರಾ ಭಾವ?" ಎಂದೆ. ವಾಪಸು ಬಸ್ಸಿನಲ್ಲಿ ಬಾಳೆಹೊನ್ನೂರಿನವರೆಗೆ ಅವರು ಬೇರೆ ಸೀಟಿನಲ್ಲೇ ಕೂತರು.

ಕಳೆದ ತಿಂಗಳು ಕೆರೆಕಟ್ಟೆಗೆ ಎಳೆದುಕೊಂಡು ಹೋದರು. ತೋಟದ ಕೂಲಿಗೆ ಹೋಗುವ ಹೆಂಗಸೊಬ್ಬರ ಕೊರಳಲ್ಲಿ ವಿಚಿತ್ರ ಬಿಲ್ಲೆ ಇದೆ ಎಂದು ಯಾರೋ ಹೇಳಿದ್ದರಂತೆ. ನಾನು ದಾರಿಯುದ್ದಕ್ಕೂ ಬೈದೆ. ಆ ಹೆಂಗಸು ನಗುತ್ತಾ ಕರಿದಾರ ಬಿಚ್ಚಿ ಬಿಲ್ಲೆಯನ್ನು ಕೊಟ್ಟರು. ಭಾವ ಮಸೂರ ಹಚ್ಚಿದರು. ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ಎರಡೂ ಬದಿ ತಿರುಗಿಸಿ ತಿರುಗಿಸಿ ನೋಡಿದರು. ಎಲೆಯ ಕಿರೀಟ. ಇಪ್ಪತ್ತು ಫ್ರಾಂಕ್!

"ಬೇಕಾದ್ರೆ ಇಟ್ಕೊಳ್ಳಿ ಅಯ್ಯ, ಹಿತ್ತಾಳೆ" ಎಂದರು ಆಕೆ. "ಅಮ್ಮ ಸಾಯುವಾಗ ತಮ್ಮಂಗೆ ಜಾಗ ಕೊಟ್ಲು, ನಂಗೆ ಇದು."

ಒಂದು 'ಹೂಂ' ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿ ಎಂದು ನಾನೂ ಒಳಗೊಳಗೇ ಹಾರೈಸಿದೆ, ಸುಳ್ಳೇಕೆ?

ಭಾವ ಮಸೂರ ತೆಗೆದರು. "ಇದು ಹಿತ್ತಾಳೆ ಅಲ್ಲಮ್ಮ. ಅಪ್ಪಟ ಚಿನ್ನ. ಹುಡುಕಿದ್ರೂ ಸಿಗದಂಥದ್ದು. ಯಾರಿಗೂ ಹೀಗೆ ಕೊಡಬೇಡಿ."

ಆಕೆ ಅಂಗಳದಲ್ಲೇ ಕೂತುಬಿಟ್ಟರು. "ಮಗಳಂತ ಕಡೆಗಣಿಸಿದ್ಲು ಅಂತ ಇಷ್ಟು ವರ್ಷ ಅಮ್ಮನ್ನ ಬೈದೆನಲ್ಲ..."

ಭಾವ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನಾಣ್ಯವನ್ನು ಅವರ ಕೈಗಿಟ್ಟರು.

"ಬೈದ್ರೂ ಕೊರಳಿಂದ ತೆಗೀಲಿಲ್ಲವಲ್ಲ. ಅಮ್ಮಂಗೆ ಅಷ್ಟು ಸಾಕು ಬಿಡಿ."