ಬಿದ್ದರೂ ನಿಲ್ಲದ ಬಸ್ಸು

ಬೆಳಿಗ್ಗೆ ಎಂಟಕ್ಕೆ ಕಾರು ಕೆಟ್ಟು ಕೂರದೇ ಇದ್ದಿದ್ದರೆ ಡಾಕ್ಟರು ಆ ಬಸ್ಸು ಹತ್ತುತ್ತಲೇ ಇರಲಿಲ್ಲ. ಆ ರಸ್ತೆಯಲ್ಲಿ ಬಸ್ಸಿನ ಮೆಟ್ಟಿಲು ತುಳಿಯುವುದಿಲ್ಲವೆಂದು ಅವರು ಶಪಥ ಮಾಡಿ ಮೂವತ್ತು ವರ್ಷವಾಗಿತ್ತು. ಆದರೆ ಹನ್ನೊಂದಕ್ಕೆ ಪಕ್ಕದ ಪಟ್ಟಣದ ಹೊಸ ಆಸ್ಪತ್ರೆಯಲ್ಲಿ ಮುಖ್ಯ ವೈದ್ಯರಾಗಿ ಅಧಿಕಾರ ವಹಿಸಿಕೊಳ್ಳಬೇಕಿತ್ತು. ಆದದ್ದಾಗಲಿ ಎಂದು ಹತ್ತಿದರು.

ಕೂತೊಡನೆ ಕಣ್ಣಿಗೆ ಬಿದ್ದದ್ದು ಡ್ರೈವರನ ತಲೆಯ ಮೇಲಿನ ಬೋರ್ಡು: ‘ಪ್ರಯಾಣಿಕರು ಮೂರ್ಛೆ ಬಿದ್ದರೂ ದಾರಿಯಲ್ಲಿ ಬಸ್ಸು ನಿಲ್ಲಿಸುವುದಿಲ್ಲ.’ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರ ಕೈ ತಾನಾಗಿ ಹೆಗಲಿಗೆ ಹೋಯಿತು.

ಏಕೆಂದರೆ ಆ ಬೋರ್ಡಿಗೆ ಕಾರಣ ಅವರೇ. ಹತ್ತೊಂಬತ್ತರ ಹರೆಯದಲ್ಲಿ ದರೋಡೆಕೋರರ ಗುಂಪಿನಲ್ಲಿ ಅವರಿಗಿದ್ದದ್ದು ಒಂದೇ ಕೆಲಸ. ನಾಲಿಗೆಯಡಿ ಸೋಪಿನ ಚೂರಿಟ್ಟುಕೊಂಡು ಬಸ್ಸು ಹತ್ತುವುದು, ನಿರ್ಜನ ತಿರುವಿನಲ್ಲಿ ನೊರೆ ಕಾರಿ ಬೀಳುವುದು. ಬಸ್ಸು ನಿಂತೊಡನೆ ಉಳಿದವರು ಪೊದೆಯಿಂದೆದ್ದು ನುಗ್ಗುತ್ತಿದ್ದರು. ಪತ್ರಿಕೆಯವರು ‘ನೊರೆರಾಯ’ ಎಂದು ಹೆಸರಿಟ್ಟಿದ್ದರು. ಕೊನೆಯ ಸಲ ಒಬ್ಬ ಹೆಂಗಸು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕರವಸ್ತ್ರದಿಂದ ಬಾಯಿ ಒರೆಸಿ, “ಬದುಕ್ಕೋ ಮಗಾ” ಎಂದು ಅತ್ತಿದ್ದಳು. ಗೆಳೆಯರು ಅವಳ ಉಂಗುರವನ್ನೇ ಕಿತ್ತುಕೊಂಡರು. ಅಂದೇ ಗುಂಪು ಬಿಟ್ಟು ಓಡಿದವರು ಹಟ ಹಿಡಿದು ಓದಿ ಡಾಕ್ಟರಾಗಿದ್ದರು. ಈ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ.

ಪಕ್ಕದ ಸೀಟಿನ ಅಜ್ಜಿ ಹತ್ತಿದಾಗಿನಿಂದ ಗೊಣಗುತ್ತಿದ್ದಳು. “ನೋಡಪ್ಪಾ, ಮೊಮ್ಮಗನಿಗೆ ಅಂತ ಎರಡು ರಬ್ಬರ್ ಚೆಂಡು ತಗೊಂಡಿದ್ದೀನಿ. ಮಗಳ ಮನೆ ಈ ದಾರೀಲಿ ಸಿಗೋ ಕ್ರಾಸಲ್ಲೇ ಇದೆ, ದವಾಖಾನೆ ಎದುರಿಗೆ. ಈ ಪುಣ್ಯಾತ್ಮರು ಅಲ್ಲಿ ನಿಲ್ಲಿಸಲ್ವಂತೆ! ಪಟ್ಟಣಕ್ಕೆ ಹೋಗಿ, ಬೇರೆ ಬಸ್ಸು ಹಿಡಿದು ವಾಪಸ್ ಬರ್ಬೇಕಂತೆ, ಈ ಮಂಡಿ ಇಟ್ಕೊಂಡು!”

“ರೂಲ್ಸು ಅಜ್ಜಿ, ರೂಲ್ಸು” ಎಂದ ಕಂಡಕ್ಟರ್.

ಹತ್ತು ನಿಮಿಷ ಕಳೆದಿರಬೇಕು. ಅಜ್ಜಿ ಇದ್ದಕ್ಕಿದ್ದಂತೆ ಡಾಕ್ಟರ ತೋಳಿನ ಮೇಲೆ ವಾಲಿಕೊಂಡಳು. ಬಾಯಲ್ಲಿ ಬಿಳಿ ನೊರೆ.

ಡಾಕ್ಟರು ಮೊದಲು ಮೂಸಿ ನೋಡಿದರು. ಸೋಪಿನ ವಾಸನೆ ಇಲ್ಲ. ಬಲಗೈ ನಾಡಿ ಹಿಡಿದರು, ಇಲ್ಲ. ಎಡಗೈ ಹಿಡಿದರು, ಅಲ್ಲೂ ಇಲ್ಲ!

“ಬಸ್ಸು ನಿಲ್ಸಿ! ಕ್ರಾಸಲ್ಲಿ ದವಾಖಾನೆ ಇದೆ. ನಾನು ಡಾಕ್ಟರು!”

ಕುತ್ತಿಗೆಯ ನಾಡಿಗೆ ಕೈ ಚಾಚುವಷ್ಟರಲ್ಲಿ ಕಂಡಕ್ಟರ್ ಅವರ ಕಾಲರ್ ಹಿಡಿದು ಎಳೆದ. “ಸಾರ್, ಬೋರ್ಡ್ ಓದಿ. ಒಬ್ರು ಬೀಳೋದು, ಇನ್ನೊಬ್ರು ‘ನಾನು ಡಾಕ್ಟರು’ ಅನ್ನೋದು. ಈ ಆಟ ನಮಗೂ ಗೊತ್ತು.”

“ನನ್ನ ಚೀಲ ನೋಡ್ರೀ! ಸ್ಟೆತಾಸ್ಕೋಪ್ ಇದೆ!”

“ಸಂತೇಲಿ ಸಿಗುತ್ತೆ” ಎಂದರು ಕಿಟಕಿ ಪಕ್ಕದ ಮೇಷ್ಟ್ರು. “ಡ್ರೈವರ್, ನೀನು ಹೊಡಿ. ಇದೆಲ್ಲ ನೊರೆರಾಯನ ಪಾಠ.”

ಡಾಕ್ಟರು ಅಜ್ಜಿಯ ಮುಖ ನೋಡಿದರು. ಒಂದು ಕಾಲದಲ್ಲಿ ಇಂಥದೇ ಒಂದು ಮುಖ ತಮಗಾಗಿ ಅತ್ತಿತ್ತು. ತಾವು ಆಡಿದ ಸುಳ್ಳಿಗೆ ಈ ಮುದಿಜೀವ ಸಾಯುವುದೇ? ಸಾಧ್ಯವಿಲ್ಲ. ಕೆಲಸ ಹೋಗಲಿ, ಮಾನ ಹೋಗಲಿ, ಈ ಬಸ್ಸನ್ನು ನಿಲ್ಲಿಸಿಯೇ ಸಿದ್ಧ. ಕಾಲರ್ ಬಿಡಿಸಿಕೊಂಡು ಎದ್ದು ನಿಂತರು.

“ಕೇಳಿ! ಆ ನೊರೆರಾಯ ನಾನೇ!”

ಎಲ್ಲರ ತಲೆಗಳೂ ಇತ್ತ ತಿರುಗಿದವು.

“ಹನ್ನೊಂದು ಬಸ್ಸಲ್ಲಿ ಬಿದ್ದಿದ್ದೀನಿ. ಸೋಪು ಇಟ್ಕೋಬಹುದು, ಕಣ್ಣು ಮೇಲೆ ಮಾಡ್ಬಹುದು. ನಾಡಿ ನಿಲ್ಸೋಕೆ ಯಾರಪ್ಪನ ಕೈಲೂ ಆಗಲ್ಲ! ನನ್ನನ್ನ ಪೊಲೀಸಿಗೆ ಕೊಡಿ, ಏನಾದ್ರೂ ಮಾಡಿ. ಮೊದ್ಲು ಇವರನ್ನ ಉಳಿಸೋಣ!”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಇವನೇ ನಿಜ ಅಂದ್ಮೇಲೆ ಅದು ನಿಜವೇ. ನಿಲ್ಸಪ್ಪಾ!”

ಮೂವತ್ತು ವರ್ಷದಲ್ಲಿ ಮೊದಲ ಸಲ ಬಸ್ಸು ಕ್ರಾಸಿನಲ್ಲಿ ನಿಂತಿತು. ಡಾಕ್ಟರು ಅಜ್ಜಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಇಳಿದರು. ಕಣ್ಣಲ್ಲಿ ನೀರು, ಆದರೆ ಎದೆ ಹಗುರ.

ನೆಲದ ಮೇಲೆ ಮಲಗಿಸುವಾಗ ಅಜ್ಜಿಯ ಎರಡು ಕಂಕುಳಿಂದ ಎರಡು ಚೆಂಡು ಟಪ್ ಟಪ್ ಎಂದು ಉರುಳಿದವು.

ಅಜ್ಜಿ ಎದ್ದು ಕೂತು ಬಾಯಿ ಒರೆಸಿಕೊಂಡಳು. “ಕಂಕುಳಲ್ಲಿ ಚೆಂಡು ಅದುಮಿದ್ರೆ ಕೈಯಲ್ಲಿ ನಾಡಿ ಸಿಗಲ್ಲ ಕಣಪ್ಪಾ. ಅಡುಗೆ ಸೋಡ, ನಿಂಬೆ ಉಪ್ಪಿನ ನೊರೆಗೆ ವಾಸನೆಯೂ ಇಲ್ಲ. ನಿನ್ನ ಸೋಪು ಮಾತ್ರ ನನ್ನ ಕರವಸ್ತ್ರದಲ್ಲಿ ಎರಡು ದಿನ ನಾರ್ತಿತ್ತು. ಆಗ್ಲೇ ಗೊತ್ತಾಯ್ತು ಹೇಗೆ ಮಾಡೋದು ಅಂತ.” ಅವರನ್ನು ನೆಟ್ಟಗೆ ನೋಡಿದಳು. “ಅಂತೂ ಬದುಕ್ಕೊಂಡ್ಯಲ್ಲ ಮಗಾ. ನನ್ನ ಉಂಗುರ ಹೋದ್ರೂ ಚಿಂತೆಯಿಲ್ಲ.”

ಚೆಂಡು ಹೆಕ್ಕಿಕೊಂಡು, ಮಂಡಿ ಹಿಡಿದುಕೊಂಡು, ಎದುರು ಮನೆಗೆ ನಡೆದಳು.

ಡಾಕ್ಟರನ್ನು ಆರು ಜನ ಹಿಡಿದು ಮತ್ತೆ ಬಸ್ಸಿಗೆ ಹತ್ತಿಸಿದರು. ಪೊಲೀಸ್ ಠಾಣೆ ಪಟ್ಟಣದ ಬಸ್‌ಸ್ಟ್ಯಾಂಡಿಗೆ ಅಂಟಿಕೊಂಡೇ ಇತ್ತು. ಎರಡು ಮೈಲಿ ಹೋಗುವಷ್ಟರಲ್ಲಿ ಅವರಿಗೆ ಮೈ ಬೆವೆತು ಕಣ್ಣು ಕತ್ತಲೆ ಬಂತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

“ಕಂಡಕ್ಟರೇ, ನಿಜವಾಗ್ಲೂ ತಲೆ ಸುತ್ತುತಾ ಇದೆ... ಒಂದ್ನಿಮಿಷ ನಿಲ್ಸಿ...”

ಕಂಡಕ್ಟರ್ ಬೋರ್ಡಿನ ಕಡೆ ಬೆರಳು ತೋರಿಸಿದ.